ಕಾಂತಬಾಲದ ಆಘಾತಗಳು: ಆಕ್ಷೇಪಗಳಿಗೆ ಉತ್ತರ

ಭೂಮಿಯ ಕಾಂತಬಾಲದೊಳಗೆ ಆಘಾತ ತರಂಗಗಳಿವೆ. ಅವುಗಳ ಆಸುಪಾಸಿನಲ್ಲಿ ಎಲೆಕ್ಟ್ರಾನುಗಳೂ ಪ್ಲಾಸ್ಮಾ ಅಲೆಗಳೂ ಸೇರಿ ನಡೆಸುವ ವ್ಯವಹಾರವನ್ನು ತಿಳಿಯದೆ ಕಾಂತಶಕ್ತಿ ಶಾಖವಾಗುವ ಬಗೆ ತಿಳಿಯುವುದಿಲ್ಲ. ಈ ಮಾತಿಗೆ ಎದುರಾಡುವವರು ಬಹಳ ಮಂದಿ. ಕೆಲವರು ಕಾಲೇಜಿನಲ್ಲಿ ಕಲಿತ ಭೌತವಿಜ್ಞಾನವನ್ನು ಮುಂದಿಡುತ್ತಾರೆ, ಕೆಲವರು ಖರ್ಚಿನ ಲೆಕ್ಕ ತೆಗೆಯುತ್ತಾರೆ, ಇನ್ನು ಕೆಲವರು ಇದೇ ಕ್ಷೇತ್ರದಲ್ಲಿ ದುಡಿದು ಅನುಮಾನ ಉಳಿಸಿಕೊಂಡವರು. ಮೂರನೆಯವರ ಮಾತಿಗೆ ತೂಕ ಹೆಚ್ಚು, ಆದ್ದರಿಂದ ಅವರಿಗೇ ಹೆಚ್ಚು ಜಾಗ ಕೊಡುತ್ತೇನೆ.

ವಾದಕ್ಕೆ ಇಳಿಯುವ ಮೊದಲು ವಿಷಯ ಯಾವುದೆಂದು ಹೇಳಬೇಕು. ಸೌರಮಾರುತ ಭೂಮಿಯ ಕಾಂತಕ್ಷೇತ್ರವನ್ನು ರಾತ್ರಿಯ ಬದಿಗೆ ಎಳೆದು, ಚಂದ್ರನ ಕಕ್ಷೆಯನ್ನೂ ದಾಟಿ ಲಕ್ಷಾಂತರ ಕಿಲೋಮೀಟರ್ ಉದ್ದಕ್ಕೆ ಹಾಸುತ್ತದೆ. ಈ ಬಾಲದ ಮೇಲರ್ಧ ಮತ್ತು ಕೆಳಅರ್ಧಗಳಿಗೆ ಲೋಬ್ ಎಂದು ಹೆಸರು. ಒಂದರಲ್ಲಿ ಕಾಂತರೇಖೆಗಳು ಭೂಮಿಯತ್ತ, ಇನ್ನೊಂದರಲ್ಲಿ ಭೂಮಿಯಿಂದ ಆಚೆಗೆ. ಲೋಬ್‌ಗಳಲ್ಲಿ ಕಣಗಳು ತೀರ ವಿರಳ, ಶಕ್ತಿಯೆಲ್ಲ ಕಾಂತಕ್ಷೇತ್ರದಲ್ಲಿ ಅಡಗಿರುತ್ತದೆ. ಎರಡರ ನಡುವೆ ಬಿಸಿ ಪ್ಲಾಸ್ಮಾದ ಹಾಳೆಯೊಂದಿದೆ. ಅಲ್ಲಿ ಎದುರುಬದುರು ದಿಕ್ಕಿನ ಕಾಂತರೇಖೆಗಳು ತುಂಡಾಗಿ ಮರುಜೋಡಣೆಗೊಂಡಾಗ ಶಕ್ತಿ ಬಿಡುಗಡೆಯಾಗುತ್ತದೆ. ಸ್ವೀಟ್ ಮತ್ತು ಪಾರ್ಕರ್ 1950ರ ದಶಕದಲ್ಲಿ ಹಾಕಿದ ಲೆಕ್ಕದಂತೆ ಈ ಕೆಲಸ ಬಹಳ ನಿಧಾನ. ಇದೇ ಮರುಜೋಡಣೆಯಿಂದ ನಿಮಿಷಗಳಲ್ಲಿ ಸಿಡಿಯುವ ಸೌರಜ್ವಾಲೆಗೆ ಆ ಲೆಕ್ಕ ಹೊಂದುತ್ತಿರಲಿಲ್ಲ. 1964ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಹ್ಯಾರಿ ಪೆಚೆಕ್ ದಾರಿ ತೋರಿಸಿದರು: ಶಕ್ತಿಯ ಪರಿವರ್ತನೆ ಮುಖ್ಯವಾಗಿ ಮರುಜೋಡಣೆಯ ಪುಟ್ಟ ಕೇಂದ್ರದಲ್ಲಿ ನಡೆಯಬೇಕಿಲ್ಲ, ಅಲ್ಲಿಂದ ಎರಡೂ ಕಡೆಗೆ ಚಾಚಿಕೊಂಡ ಜೋಡಿ ಆಘಾತಗಳ ಮೇಲೆ ನಡೆಯಬಹುದು. ಇವಕ್ಕೆ ಮಂದ ಆಘಾತಗಳೆಂದು ಹೆಸರು. ದಾಟಿದ ಕೂಡಲೇ ಕಾಂತಕ್ಷೇತ್ರ ಕುಗ್ಗುತ್ತದೆ, ಸಾಂದ್ರತೆ ಏರುತ್ತದೆ, ಪ್ಲಾಸ್ಮಾ ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಬದಿಗೆ ಚಿಮ್ಮುತ್ತದೆ. ಆದರ್ಶ ಲೆಕ್ಕದಲ್ಲಿ ಹರಿದುಬಂದ ಕಾಂತಶಕ್ತಿಯ ಅರ್ಧ ಪಾಲು ಚಲನೆಗೆ ಹೋದರೆ ಉಳಿದರ್ಧ ಬಿಸಿ ಅನಿಲದ ಪಾಲಾಗುತ್ತದೆ.

ಮೊದಲ ಆಕ್ಷೇಪ: ಆಘಾತ ಹುಟ್ಟಬೇಕಾದರೆ ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆಯಬೇಕು, ಕಾಂತಬಾಲದಲ್ಲಿ ಡಿಕ್ಕಿ ಹೊಡೆಯುವಷ್ಟು ಕಣಗಳೆಲ್ಲಿವೆ? ಪ್ರಶ್ನೆ ನ್ಯಾಯವಾದದ್ದೇ. ದೂರದ ಪ್ಲಾಸ್ಮಾ ಹಾಳೆಯಲ್ಲಿ ಹತ್ತು ಘನ ಸೆಂಟಿಮೀಟರಿಗೆ ಒಂದೆರಡು ಎಲೆಕ್ಟ್ರಾನುಗಳಿದ್ದರೆ ಹೆಚ್ಚು, ಲೋಬ್‌ನಲ್ಲಿ ಅಷ್ಟೂ ಇಲ್ಲ. ಅಲ್ಲಿನ ಕಣವೊಂದು ಇನ್ನೊಂದಕ್ಕೆ ಎದುರಾಗಿ ದಿಕ್ಕು ಬದಲಿಸಲು ಭೂಮಿ–ಸೂರ್ಯರ ನಡುವಿನ ದೂರದ ಎಷ್ಟೋ ಪಟ್ಟು ಸಾಗಬೇಕು. ಆದರೂ ಈ ವಾದ ಆರು ದಶಕಗಳ ಹಿಂದೆಯೇ ಸೋತಿದೆ. ಸೌರಮಾರುತದಲ್ಲಿ ಡಿಕ್ಕಿಯಿಲ್ಲದ ಆಘಾತ ಸಾಧ್ಯ ಎಂದು ಥಾಮಸ್ ಗೋಲ್ಡ್ 1955ರಲ್ಲಿ ಸೂಚಿಸಿದಾಗ ನಂಬಿದವರು ಕಡಿಮೆ. ಭೂಮಿಯ ಹಗಲಿನ ಬದಿಯಲ್ಲಿ ಅಂಥದೊಂದು ಇರಲೇಬೇಕೆಂದು 1962ರಲ್ಲಿ ಆ್ಯಕ್ಸ್‌ಫರ್ಡ್ ಮತ್ತು ಕೆಲಾಗ್ ಎಂಬ ಇಬ್ಬರು ವಿಜ್ಞಾನಿಗಳು ಬೇರೆ ಬೇರೆಯಾಗಿ ವಾದಿಸಿದರು. 1963ರ ನವೆಂಬರಿನಲ್ಲಿ ಹಾರಿದ ಐಎಂಪಿ-1 ನೌಕೆಯಲ್ಲಿ ನಾರ್ಮನ್ ನೆಸ್ ಇರಿಸಿದ್ದ ಕಾಂತಮಾಪಕ ಅದನ್ನು ದಾಖಲಿಸಿತು. ಕಾಂತಬಾಲವನ್ನೂ ಅದೇ ಮಾಪಕ ನಕ್ಷೆಗೆ ತಂದಿತು. ಡಿಕ್ಕಿ ಇಲ್ಲದಲ್ಲಿ ವಿದ್ಯುತ್ ಮತ್ತು ಕಾಂತಕ್ಷೇತ್ರಗಳೇ ಕಣಗಳನ್ನು ತಡೆಯುತ್ತವೆ, ತಿರುಗಿಸುತ್ತವೆ, ಚದುರಿಸುತ್ತವೆ. ಡಿಕ್ಕಿಯ ಜಾಗದಲ್ಲಿ ಯಾವ ಕ್ಷೇತ್ರ, ಯಾವ ಅಲೆ, ಎಷ್ಟು ಕೆಲಸ ಮಾಡುತ್ತದೆ ಎಂಬುದೊಂದೇ ಈಗ ಉಳಿದಿರುವ ಪ್ರಶ್ನೆ. ಅಲೆಗಳನ್ನು ಅಧ್ಯಯನ ಮಾಡಬೇಕೆನ್ನುವುದು ಅದಕ್ಕಾಗಿಯೇ.

ಖರ್ಚಿನ ಆಕ್ಷೇಪಕ್ಕೆ ಚಿಕ್ಕದಾಗಿ ಉತ್ತರಿಸುತ್ತೇನೆ. ಎಲ್ಲೋ ಲಕ್ಷಾಂತರ ಕಿಲೋಮೀಟರ್ ಆಚೆಯ ಎಲೆಕ್ಟ್ರಾನು ನಮಗೇಕೆ ಎನ್ನುವವರು ಚಂದ್ರಯಾನವನ್ನು ಕೊಂಡಾಡುವುದು ನನಗೆ ಅರ್ಥವಾಗುವುದಿಲ್ಲ. ಚಂದ್ರ ಪ್ರತಿ ತಿಂಗಳು ಹುಣ್ಣಿಮೆಯ ಹಿಂದುಮುಂದಿನ ಆರು ದಿನದಷ್ಟು ಇದೇ ಬಾಲದೊಳಗೆ ಹಾದುಹೋಗುತ್ತಾನೆ. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ರೂಪುಗೊಂಡ ಚಂದ್ರಯಾನ-2ರ ಕ್ಲಾಸ್ ಉಪಕರಣ 2019ರಲ್ಲಿ ಕೆಲಸ ಶುರುಮಾಡಿದ ಹೊಸತರಲ್ಲೇ ಬಾಲದೊಳಗಿನ ವಿದ್ಯುದಾವಿಷ್ಟ ಕಣಗಳ ಏರಿಳಿತವನ್ನು ಗುರುತಿಸಿತು. ಪ್ಲಾಸ್ಮಾ ಹಾಳೆಯ ಎಲೆಕ್ಟ್ರಾನುಗಳು ಚಂದ್ರನ ನೆಲದಲ್ಲಿ ನೀರಿನ ರಚನೆಗೆ ನೆರವಾಗುತ್ತಿರಬಹುದು ಎಂಬ 2023ರ ಪ್ರಬಂಧ ನಿಂತಿರುವುದು ಚಂದ್ರಯಾನ-1 ಹೊತ್ತೊಯ್ದ ಉಪಕರಣದ ದತ್ತಾಂಶದ ಮೇಲೆ. ಆ ಉಪಗ್ರಹ ಕೇಂದ್ರ ಯಾರ ಹೆಸರು ಹೊತ್ತಿದೆಯೋ ಆ ಉಡುಪಿ ರಾಮಚಂದ್ರ ರಾವ್ ಅವರು ಸಂಶೋಧಕರಾಗಿ ಹೆಸರು ಮಾಡಿದ್ದು ಮ್ಯಾರಿನರ್-2 ನೌಕೆಯ ಮಾಪನಗಳಿಂದ. ಸೌರಮಾರುತದ ವೇಗಕ್ಕೂ ಭೂಮಿಯ ಕಾಂತಕ್ಷೇತ್ರದ ಕಲಕಾಟಕ್ಕೂ ಇರುವ ನಂಟನ್ನು ತೋರಿಸಿದ 1963ರ ಪ್ರಬಂಧದ ಮೂವರು ಲೇಖಕರಲ್ಲಿ ಅವರೊಬ್ಬರು. ಈ ವಿದ್ಯೆ ನಮ್ಮದಲ್ಲ ಎನ್ನುವವರು ಇಷ್ಟನ್ನು ಗಮನಿಸಲಿ.

ಇನ್ನು ಮಾಪನಗಳನ್ನೇ ನಂಬದವರ ಮಾತು. ಬಿಸಿಲಿಗೆ ಬಿದ್ದ ನೌಕೆಯ ಮೈಯಿಂದ ಎಲೆಕ್ಟ್ರಾನುಗಳು ಹಾರುತ್ತವೆ, ನೌಕೆಗೆ ಧನ ವಿಭವ ಬರುತ್ತದೆ, ಹಾಗೆ ಹಾರಿದವೇ ಮರಳಿ ಮಾಪಕಕ್ಕೆ ಬೀಳುತ್ತವೆ. ಎಲೆಕ್ಟ್ರಾನುಗಳ ನಡವಳಿಕೆಯೆಂದು ನೀವು ಓದುತ್ತಿರುವುದು ನೌಕೆಯದೇ ಕೊಳೆ ಎನ್ನುತ್ತಾರೆ. ಪ್ಲಾಸ್ಮಾ ವಿರಳವಾದ ಲೋಬ್‌ನಲ್ಲಿ ಈ ತೊಂದರೆ ಹೆಚ್ಚೆಂಬುದು ನಿಜ. ಅಲ್ಲಿ ನೌಕೆಯ ವಿಭವ ಕೆಲವು ಹತ್ತು ವೋಲ್ಟುಗಳಿಗೆ ಏರುತ್ತದೆ. ಆದರೆ ಹಾಗೆ ಮರಳುವ ಎಲೆಕ್ಟ್ರಾನುಗಳ ಶಕ್ತಿ ಆ ವಿಭವದ ಮಿತಿಯನ್ನು ದಾಟುವುದಿಲ್ಲ. ಆಘಾತದ ಬಳಿಯ ವಾದ ನಿಂತಿರುವುದು ನೂರಾರು ಎಲೆಕ್ಟ್ರಾನ್ ವೋಲ್ಟಿನ ಕಣಗಳ ಮೇಲೆ. ಕಲಬೆರಕೆ ಇರುವ ಕೆಳಗಿನ ಭಾಗವನ್ನು ತೆಗೆದುಹಾಕಿದರೂ ಚಿತ್ರ ಅಳಿಯುವುದಿಲ್ಲ.

ಇದರಲ್ಲೇ ಇನ್ನೊಂದು ಎಳೆಯಿದೆ, ಅದು ಮೊದಲು ನ್ಯಾಯವಾಗಿಯೇ ಇತ್ತು. ಮಂದ ಆಘಾತಗಳ ಮೊದಲ ಗಟ್ಟಿ ಸಾಕ್ಷ್ಯ ಕೊಟ್ಟದ್ದು 1978ರಲ್ಲಿ ಹಾರಿ, 1983ರಲ್ಲಿ ಇನ್ನೂರಕ್ಕೂ ಹೆಚ್ಚು ಭೂತ್ರಿಜ್ಯಗಳ ದೂರದಲ್ಲಿ ಬಾಲವನ್ನು ಅಳೆದ ಐಎಸ್ಇಇ-3 ನೌಕೆ. ಅದರ ಅಯಾನು ಮಾಪಕ ಬಾಲ ಮುಟ್ಟುವ ಮೊದಲೇ ಕೆಟ್ಟಿತ್ತು. 1984ರಲ್ಲಿ ಫೆಲ್ಡ್‌ಮನ್ ಮತ್ತು ಸಂಗಡಿಗರು ಎಲೆಕ್ಟ್ರಾನುಗಳನ್ನೂ ಕಾಂತಕ್ಷೇತ್ರವನ್ನೂ ಮಾತ್ರ ಆಧರಿಸಿ ಆಘಾತದ ಎರಡು ಬದಿಗಳ ಲೆಕ್ಕ ಹೊಂದಿಸಿದರು. ಅದೇ ವರ್ಷ ಸ್ಕಾರ್ಫ್ ಮತ್ತು ಸಂಗಡಿಗರು ಆ ದಾಟುವಿಕೆಗಳ ಬಳಿಯ ಅಲೆಗಳ ರೋಹಿತ ಪ್ರಕಟಿಸಿದರು. ಅಯಾನುಗಳೇ ಇಲ್ಲದ ಲೆಕ್ಕ ಅರ್ಧ ಲೆಕ್ಕ ಎಂದವರು ತಪ್ಪು ಹೇಳಲಿಲ್ಲ. ಆದರೆ 1992ರ ಜುಲೈ 24ರಂದು ಹಾರಿದ ಜಪಾನಿನ ಜಿಯೊಟೇಲ್ ಅಯಾನು, ಎಲೆಕ್ಟ್ರಾನು ಎರಡನ್ನೂ ಅಳೆಯಿತು. ದ್ರವ್ಯರಾಶಿ, ಸಂವೇಗ, ಶಕ್ತಿ ಮೂರರ ಸಂರಕ್ಷಣೆಯನ್ನೂ ಪರೀಕ್ಷೆಗೆ ಒಡ್ಡಿ ನೋಡಿದಾಗ ಆಘಾತಗಳು ಉಳಿದುಕೊಂಡವು. ಆಮೇಲೂ 1984ರ ಕೊರತೆಯನ್ನೇ ಹಿಡಿದು ಜಗ್ಗುವುದು ಸರಿಯಲ್ಲ.

ಅದೇ ಜಿಯೊಟೇಲ್ ದತ್ತಾಂಶವನ್ನು ಎದುರಾಳಿಗಳೂ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. 1993ರ ಸೆಪ್ಟೆಂಬರಿನಿಂದ 1994ರ ಫೆಬ್ರವರಿವರೆಗೆ, 30ರಿಂದ 210 ಭೂತ್ರಿಜ್ಯಗಳ ನಡುವೆ, ನೌಕೆ ಲೋಬ್ ಮತ್ತು ಪ್ಲಾಸ್ಮಾ ಹಾಳೆಯ ಗಡಿಯನ್ನು ದಾಟಿದ 303 ಸಂದರ್ಭಗಳನ್ನು ಸಾಯ್ತೊ ಮತ್ತು ಸಂಗಡಿಗರು ಪರಿಶೀಲಿಸಿದರು. ಮಂದ ಆಘಾತವೆಂದು ಖಚಿತವಾದದ್ದು 32. ಹತ್ತರಲ್ಲಿ ಒಂದು ಮಾತ್ರ, ಆದ್ದರಿಂದ ಪೆಚೆಕ್ ಚಿತ್ರ ತಪ್ಪು ಎನ್ನುತ್ತಾರೆ. ಈ ತೀರ್ಮಾನ ನಿಲ್ಲುವುದಿಲ್ಲ. ವರ್ಷವಿಡೀ ಹಳ್ಳದ ದಂಡೆಗೆ ಹೋಗಿ, ಹತ್ತರಲ್ಲಿ ಒಂಬತ್ತು ಸಲ ನೀರು ಕಾಣಲಿಲ್ಲವೆಂದು ಹಳ್ಳ ಹರಿಯುವುದೇ ಸುಳ್ಳು ಎನ್ನಲಾಗುತ್ತದೆಯೇ? ಸೌರಮಾರುತ ಎಂದೂ ನಿಲ್ಲದ್ದರಿಂದ ಭೂಮಿಯ ಮುಂದಿನ ಆಘಾತ ಬಹುತೇಕ ಸದಾ ಇರುತ್ತದೆ. ಬಾಲದ ಮಂದ ಆಘಾತ ಹಾಗಲ್ಲ, ಮರುಜೋಡಣೆ ನಡೆಯುತ್ತಿರುವಾಗ, ಕಾಂತರೇಖೆಗಳು ಗಡಿಯನ್ನು ಚುಚ್ಚಿಕೊಂಡು ಹಾಯುವಾಗ ಮಾತ್ರ ಅದು ಹುಟ್ಟಬಲ್ಲದು. ಮರುಜೋಡಣೆ ಸ್ತಬ್ಧವಾದಾಗ ಗಡಿ ಬರೀ ಗಡಿಯಾಗಿರುತ್ತದೆ. 303 ಗಡಿಗಳೂ ಆಘಾತವಾಗಿಬಿಟ್ಟಿದ್ದರೆ ನಾನೇ ಅನುಮಾನಪಡುತ್ತಿದ್ದೆ.

ಅಳತೆಯ ತೊಡಕೂ ಇದೆ. ಬಾಲ ಒಂದೇ ಕಡೆ ನಿಲ್ಲುವುದಿಲ್ಲ, ಮೇಲೆ ಕೆಳಗೆ ತೂಗುತ್ತಿರುತ್ತದೆ. ಜಿಯೊಟೇಲ್‌ಗೆ ಕಣಗಳ ಒಂದು ಪೂರ್ಣ ಚಿತ್ರ ಕಟ್ಟಲು 12 ಸೆಕೆಂಡು ಬೇಕಾಗಿತ್ತು. ಅಷ್ಟರಲ್ಲಿ ಗಡಿ ನೌಕೆಯನ್ನು ಹಾದು ಹೋಗಿಬಿಟ್ಟಿರಬಹುದು. ಒಂದೇ ನೌಕೆಯಿದ್ದಾಗ ಗಡಿಯ ವೇಗವನ್ನೂ ವಾಲಿಕೆಯನ್ನೂ ಊಹೆಯ ನೆರವಿನಿಂದ ತೆಗೆಯಬೇಕು. ಲೆಕ್ಕ ಒಂಚೂರು ಹೊಂದದಿದ್ದರೂ ಆ ದಾಟುವಿಕೆಯನ್ನು ಪಟ್ಟಿಯಿಂದ ಬಿಡುವುದು ಒಳ್ಳೆಯ ಸಂಶೋಧಕರ ಪದ್ಧತಿ. ಹೀಗಾಗಿ ಉಳಿದ 271ರಲ್ಲಿ ಕೆಲವು ಆಘಾತವಲ್ಲದ್ದಕ್ಕೆ ಬಿಟ್ಟುಹೋಗಿರಬಹುದು, ಕೆಲವು ಸಾಕಷ್ಟು ಸಾಕ್ಷ್ಯ ಸಿಗದೆ ಬಿಟ್ಟುಹೋಗಿರಬಹುದು. ಎಲ್ಲವನ್ನೂ ಪೆಚೆಕ್ ವಿರುದ್ಧದ ಸಾಕ್ಷಿಗಳೆಂದು ಎಣಿಸುವುದು ಅನ್ಯಾಯ. ಕೇಂದ್ರದಲ್ಲಿ ಮರುಜೋಡಣೆ ವೇಗವಾಗಿ ನಡೆಯಲು ಮಂದ ಆಘಾತಗಳೇ ಬೇಕೆಂದಿಲ್ಲ ಎಂಬುದನ್ನು ಇಂದಿನ ಸಿಮ್ಯುಲೇಶನ್‌ಗಳು ತೋರಿಸಿವೆ. ಕಾಂತರೇಖೆಯ ಉದ್ದಕ್ಕೆ ಅಯಾನುಗಳ ಒತ್ತಡ ಹೆಚ್ಚಾದಾಗ ಆಘಾತ ದುರ್ಬಲವಾಗುತ್ತದೆಂಬುದನ್ನೂ ತೋರಿಸಿವೆ. ಅದನ್ನು ಒಪ್ಪುತ್ತೇನೆ. ಆದರೆ ಬಾಲದ ದೂರದ ಭಾಗಗಳಲ್ಲಿ ಲೋಬ್‌ನ ಶಕ್ತಿ ಎಲ್ಲಿ ಬಿಸಿಯಾಗುತ್ತದೆ ಎಂದು ಕೇಳಿದರೆ ಆ ಗಡಿಯ ಕಡೆಗೇ ಬೆರಳು ತೋರಿಸಬೇಕಾಗುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ನೋವು ತರುವ ಆಕ್ಷೇಪ ಇನ್ನೊಂದು: ಅಲ್ಲಿ ಕೇಳಿಸುವುದು ಬರೀ ಗದ್ದಲ, ಅದರಲ್ಲಿ ಓದುವಂಥದ್ದೇನೂ ಇಲ್ಲ ಎಂಬುದು.

1976ರಲ್ಲಿ ಗರ್ನೆಟ್, ಫ್ರ್ಯಾಂಕ್, ಲೆಪಿಂಗ್ ಎಂಬ ಮೂವರು ಐಎಂಪಿ-8 ದತ್ತಾಂಶದಿಂದ ಕಾಂತಬಾಲದ ಅಲೆಗಳನ್ನು ವರ್ಣಿಸಿದರು. ಹತ್ತಾರು ಹರ್ಟ್ಸ್‌ನಿಂದ ಕೆಲವು ಕಿಲೋಹರ್ಟ್ಸ್‌ವರೆಗೆ ಹರಡಿದ, ಯಾವ ಒಂದು ಆವೃತ್ತಿಯಲ್ಲೂ ಎದ್ದು ಕಾಣದ, ಕಾಂತ ಅಂಶವಿಲ್ಲದ ಸ್ಥಿರವಿದ್ಯುತ್ ಅಲೆಗಳು ಅಲ್ಲಿದ್ದವು. ಅವಕ್ಕೆ ಅಗಲಪಟ್ಟಿಯ ಸ್ಥಿರವಿದ್ಯುತ್ ಗದ್ದಲ ಎಂದು ಹೆಸರಾಯಿತು. ಐಎಸ್ಇಇ-3 ಮಂದ ಆಘಾತಗಳ ಬಳಿಯೂ ಅದನ್ನೇ ಕಂಡಿತು. ಆ ಕಾಲದ ಉಪಕರಣಗಳು ಅಲೆಯನ್ನು ಹಾಗೆಯೇ ಭೂಮಿಗೆ ಕಳಿಸುತ್ತಿರಲಿಲ್ಲ. ಆವೃತ್ತಿಯ ಪಟ್ಟಿಗಳಾಗಿ ಸೋಸಿ, ಒಂದೊಂದು ಪಟ್ಟಿಯ ತೀವ್ರತೆಯನ್ನು ಮಾತ್ರ ಕಳಿಸುತ್ತಿದ್ದವು. ಅಲೆಯ ನಿಜವಾದ ಆಕಾರ ದಾರಿಯಲ್ಲೇ ಕಳೆದುಹೋಗುತ್ತಿತ್ತು.

ಜಿಯೊಟೇಲ್ ಬೇರೆ ಕೆಲಸ ಮಾಡಿತು. ತುದಿಯಿಂದ ತುದಿಗೆ 100 ಮೀಟರ್ ಉದ್ದದ ಆಂಟೆನಾಗಳಿಂದ ವಿದ್ಯುತ್ ಕ್ಷೇತ್ರದ ಏರಿಳಿತವನ್ನು ಇದ್ದಂತೆಯೇ ದಾಖಲಿಸಿತು. ಕ್ಯೋಟೊ ವಿಶ್ವವಿದ್ಯಾಲಯದ ಹಿರೋಶಿ ಮಾತ್ಸುಮೊತೊ ಮತ್ತು ಸಂಗಡಿಗರು 1994ರಲ್ಲಿ ಆ ದಾಖಲೆ ಪ್ರಕಟಿಸಿದಾಗ ಹದಿನೆಂಟು ವರ್ಷಗಳ ಗದ್ದಲ ಬಿಡಿಬಿಡಿಯಾಗಿ ಕಾಣಿಸಿತು. ಅಲ್ಲಿದ್ದುದು ಸಾಲುಸಾಲು ಒಂಟಿ ಮಿಡಿತಗಳು. ಪ್ರತಿ ಮಿಡಿತದಲ್ಲೂ ವಿದ್ಯುತ್ ಕ್ಷೇತ್ರ ಒಂದು ಕಡೆಗೆ ಏರಿ, ಸೊನ್ನೆ ದಾಟಿ, ಇನ್ನೊಂದು ಕಡೆಗೆ ಅಷ್ಟೇ ಇಳಿದು, ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತಿತ್ತು. ಕಾಲದಲ್ಲಿ ಇಷ್ಟು ಕಿರಿದಾದ ಮಿಡಿತ ಆವೃತ್ತಿಯಲ್ಲಿ ಅಗಲವಾಗಿ ಹರಡಿಕೊಳ್ಳುವುದು ಗಣಿತದ ನಿಯಮ. ಹಳೆಯ ಉಪಕರಣಗಳು ಕಂಡ ಅಗಲಪಟ್ಟಿಗೆ ಕಾರಣ ಅದೇ. ಕ್ಷೇತ್ರದ ದಿಕ್ಕೂ ಕಾಂತರೇಖೆಯ ಗುಂಟವೇ ಇತ್ತು. ನೌಕೆ ಮೂರು ಸೆಕೆಂಡಿಗೊಮ್ಮೆ ತಿರುಗುತ್ತಿದ್ದರೂ ಮಿಡಿತಗಳು ಕಾಂತರೇಖೆಯನ್ನು ಬಿಡಲಿಲ್ಲ, ಸೂರ್ಯನ ದಿಕ್ಕನ್ನು ಹಿಡಿಯಲಿಲ್ಲ. ಇದು ನೌಕೆಯದೇ ತೊಂದರೆ ಎನ್ನುವವರು ಇದಕ್ಕೆ ಉತ್ತರ ಕೊಡಬೇಕು.

ಮಿಡಿತಗಳು ಹುಟ್ಟುವುದು ಎಲ್ಲಿಂದ? ಇಲ್ಲಿ ಎಲೆಕ್ಟ್ರಾನುಗಳ ಕಡೆ ತಿರುಗಬೇಕು. ಮಂದ ಆಘಾತವನ್ನು ಕಾಂತರೇಖೆಗಳು ಚುಚ್ಚಿಕೊಂಡು ಹೋಗುತ್ತವೆ. ಆಘಾತದ ಆಚೆಯ ಬಿಸಿ ಎಲೆಕ್ಟ್ರಾನುಗಳ ವೇಗ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್, ಪ್ಲಾಸ್ಮಾದ ಹರಿವಿನ ವೇಗ ನೂರಾರು. ಆದ್ದರಿಂದ ಅವು ಹರಿವಿಗೆ ಎದುರಾಗಿಯೇ ಕಾಂತರೇಖೆ ಹಿಡಿದು ಲೋಬ್‌ನೊಳಗೆ ಸೋರುತ್ತವೆ. ಬಿಸಿಯೂ ಸೋರುತ್ತದೆ, ಫೆಲ್ಡ್‌ಮನ್ ತಂಡ ಆಘಾತದ ಮುಂಭಾಗದಲ್ಲಿ ಕಂಡದ್ದು ಈ ಶಾಖದ ಹರಿವನ್ನೇ. ಎಲೆಕ್ಟ್ರಾನುಗಳು ಹೀಗೆ ಹೊರಟುಹೋದರೆ ಹಿಂದೆ ಉಳಿಯುವ ಅಯಾನುಗಳು ಧನವಾಗುತ್ತವೆ, ಆಗ ಆಘಾತದ ಎರಡೂ ಬದಿಗಳ ನಡುವೆ ವಿಭವದ ವ್ಯತ್ಯಾಸ ಹುಟ್ಟುತ್ತದೆ. ಶ್ವಾರ್ಟ್ಜ್ ಮತ್ತು ಸಂಗಡಿಗರು 1987ರಲ್ಲಿ ಐಎಸ್ಇಇ-3 ದತ್ತಾಂಶದಿಂದ ಅಳೆದದ್ದು ಈ ವ್ಯತ್ಯಾಸವನ್ನು. ಅದು ಬಿಸಿ ಎಲೆಕ್ಟ್ರಾನುಗಳಲ್ಲಿ ಹೆಚ್ಚಿನವನ್ನು ಹಿಡಿದಿಡುತ್ತದೆ, ಲೋಬ್‌ನ ತಣ್ಣನೆಯ ಎಲೆಕ್ಟ್ರಾನುಗಳನ್ನು ಒಳಗೆ ಸೆಳೆದು ವೇಗ ಕೊಡುತ್ತದೆ. ಹೀಗೆ ಒಂದೇ ಕಾಂತರೇಖೆಯ ಮೇಲೆ ಹೊರಗೆ ಹೋಗುವ ಬಿಸಿ ಹರಿವು, ಒಳಗೆ ಬರುವ ತಣ್ಣನೆಯ ಹರಿವು ಎದುರಾಗುತ್ತವೆ. ಈ ಸ್ಥಿತಿ ಅಸ್ಥಿರ. ಹರಿವುಗಳ ನಡುವೆ ಅಲೆ ಬೆಳೆಯುತ್ತದೆ, ಅಲೆ ಎಲೆಕ್ಟ್ರಾನುಗಳನ್ನು ಸೆರೆಹಿಡಿದು ಸುತ್ತಿಸುತ್ತದೆ. ಕೊನೆಗೆ ಎಲೆಕ್ಟ್ರಾನುಗಳು ಕಡಿಮೆಯಿರುವ, ಧನ ವಿಭವದ ಚಿಕ್ಕಚಿಕ್ಕ ಕುಳಿಗಳು ಉಳಿದು ಕಾಂತರೇಖೆಯ ಗುಂಟ ಸಾಗುತ್ತವೆ. ಅಂಥ ಕುಳಿಯೊಂದು ಆಂಟೆನಾವನ್ನು ದಾಟಿದಾಗ ಬರುವ ಗುರುತು ಎರಡು ದಿಕ್ಕಿನ ಮಿಡಿತ. ಇಂಥ ರಚನೆ ಸಾಧ್ಯವೆಂದು ಬರ್ನ್‌ಸ್ಟೈನ್, ಗ್ರೀನ್, ಕ್ರುಸ್ಕಲ್ 1957ರಲ್ಲೇ ಕಾಗದದ ಮೇಲೆ ತೋರಿಸಿದ್ದರು. ಕ್ಯೋಟೊ ತಂಡದ ಸಿಮ್ಯುಲೇಶನ್‌ಗಳು ಎಲೆಕ್ಟ್ರಾನ್ ಹರಿವಿನಿಂದಲೇ ಅವುಗಳನ್ನು ಹುಟ್ಟಿಸಿ ತೋರಿಸಿದವು.

ಎಲ್ಲರೂ ಈ ವಿವರಣೆಯನ್ನು ಒಪ್ಪಿಲ್ಲ. ನವಿ ಮುಂಬೈಯ ಭಾರತೀಯ ಭೂಕಾಂತತ್ವ ಸಂಸ್ಥೆಯಲ್ಲಿ ಲಖಿನಾ ಮತ್ತು ಸಂಗಡಿಗರು ಇವೇ ಮಿಡಿತಗಳನ್ನು ಎಲೆಕ್ಟ್ರಾನ್-ಧ್ವನಿ ಬಗೆಯ ಒಂಟಿ ಅಲೆಗಳೆಂದು ವಿವರಿಸುವ ಸಿದ್ಧಾಂತ ಕಟ್ಟಿದ್ದಾರೆ. ನಾನು ಕುಳಿಗಳ ಪಕ್ಷದವನು, ಕಾರಣಗಳನ್ನು ಮೇಲೆ ಹೇಳಿದ್ದೇನೆ. ಆದರೆ ಈ ಎರಡು ಪಕ್ಷಗಳ ಜಗಳ ಮಿಡಿತದ ರಚನೆ ಯಾವುದು ಎಂಬುದರ ಮೇಲೆ. ರಚನೆಯೇ ಇಲ್ಲ, ಬರೀ ಗದ್ದಲ ಎನ್ನುವವರಿಗೆ ಇಬ್ಬರಲ್ಲಿ ಯಾರ ಬೆಂಬಲವೂ ಇಲ್ಲ.

ಕಡೆಯ ಆಕ್ಷೇಪ ಬಲವಾದದ್ದು. ಮಿಡಿತಗಳಿರಲಿ, ಅವುಗಳಲ್ಲಿ ಶಕ್ತಿ ಎಷ್ಟಿದೆ ಎಂದು ಕೇಳುತ್ತಾರೆ. ಲೆಕ್ಕ ಹಾಕೋಣ. ವಿದ್ಯುತ್ ಕ್ಷೇತ್ರ ಮೀಟರಿಗೆ ಒಂದು ಮಿಲಿವೋಲ್ಟ್ ಇದೆಯೆಂದು ಧಾರಾಳವಾಗಿಯೇ ಇಟ್ಟುಕೊಂಡರೂ, ಘನ ಸೆಂಟಿಮೀಟರಿಗೆ 0.1 ಎಲೆಕ್ಟ್ರಾನು, 200 ಎಲೆಕ್ಟ್ರಾನ್ ವೋಲ್ಟ್ ತಾಪವಿರುವ ಪ್ಲಾಸ್ಮಾದಲ್ಲಿ ಅಲೆಯ ಶಕ್ತಿ ಎಲೆಕ್ಟ್ರಾನುಗಳ ಶಾಖಶಕ್ತಿಯ ಏಳು ಲಕ್ಷದಲ್ಲಿ ಒಂದು ಪಾಲಿನಷ್ಟು. ಇಷ್ಟು ಅಲ್ಪ ಅಲೆ ಆಘಾತವನ್ನು ನಡೆಸೀತೇ ಎಂಬ ಪ್ರಶ್ನೆ ಸಹಜ. ಅದರ ಜೊತೆಗೆ ಎಂಎಂಎಸ್ ನೌಕೆಗಳ ಸಾಕ್ಷ್ಯವನ್ನೂ ತರುತ್ತಾರೆ. 2015ರಲ್ಲಿ ಹಾರಿದ ಆ ನಾಲ್ಕು ನೌಕೆಗಳು 30 ಮಿಲಿಸೆಕೆಂಡಿಗೊಮ್ಮೆ ಎಲೆಕ್ಟ್ರಾನುಗಳ ಚಿತ್ರ ತೆಗೆಯುತ್ತವೆ. 2017ರ ಜುಲೈ 11ರಂದು ಕಾಂತಬಾಲದಲ್ಲಿ ಮರುಜೋಡಣೆಯ ಕೇಂದ್ರದೊಳಗೇ ಹಾದಾಗ ಅಲ್ಲಿ ಎಲೆಕ್ಟ್ರಾನುಗಳ ಚಲನೆ ಅಲೆಗಳ ಕಲಕಾಟಕ್ಕೆ ಹೆಚ್ಚು ಸಿಕ್ಕದೆ ಸುವ್ಯವಸ್ಥಿತವಾಗಿತ್ತು.

ಇದರಲ್ಲಿ ಎರಡು ಮಾತನ್ನು ಮೊದಲೇ ಒಪ್ಪಿಬಿಡುತ್ತೇನೆ. ಅಯಾನುಗಳನ್ನು ಕಾಯಿಸುವುದು ಈ ಮಿಡಿತಗಳಲ್ಲ. ಅಯಾನುಗಳ ಬಿಸಿಗೆ ಕಾರಣ ಆಘಾತದಿಂದ ಹಿಂದಿರುಗುವ ಅಯಾನುಗಳೇ, ಮತ್ತು ಎದುರು ಹರಿವುಗಳು ಎಬ್ಬಿಸುವ ಕಡಿಮೆ ಆವೃತ್ತಿಯ ವಿದ್ಯುತ್ಕಾಂತೀಯ ಅಲೆಗಳು. ಹಾಗೆ ಹಿಂದಿರುಗುವ ಅಯಾನುಗಳನ್ನು ಜಿಯೊಟೇಲ್ ಆಘಾತದ ಮುಂದೆಯೇ ಕಂಡಿತು. ಕೇಂದ್ರದಲ್ಲಿ ಚಲನೆ ಸುವ್ಯವಸ್ಥಿತ ಎಂಬುದನ್ನೂ ಒಪ್ಪುತ್ತೇನೆ. ಆದರೆ ಎಂಎಂಎಸ್ ಅಂದು ಅಳೆದದ್ದು ಭೂಮಿಯಿಂದ 22 ಭೂತ್ರಿಜ್ಯಗಳ ದೂರದ ಒಂದು ಪುಟ್ಟ ಕೇಂದ್ರವನ್ನು. ನಮ್ಮ ವಾದ ಅಲ್ಲಿಂದ ಹೊರಟು ನೂರಾರು ಭೂತ್ರಿಜ್ಯ ಉದ್ದಕ್ಕೆ ಚಾಚುವ ಗಡಿಯ ಬಗ್ಗೆ. ಒಂದು ಜಾಗದ ಶಾಂತಿಯನ್ನು ಇನ್ನೊಂದು ಜಾಗಕ್ಕೆ ಹೊದಿಸಬಾರದು.

ಏಳು ಲಕ್ಷದಲ್ಲಿ ಒಂದು ಎಂಬ ಲೆಕ್ಕ ಸರಿ, ಅದರಿಂದ ತೆಗೆದ ತೀರ್ಮಾನ ತಪ್ಪು. ಅಲೆಯಲ್ಲಿ ಒಂದು ಕ್ಷಣ ನಿಂತಿರುವ ಶಕ್ತಿ ಎಷ್ಟೆಂಬುದಕ್ಕೂ, ಅಲೆಯ ಮೂಲಕ ಒಂದು ಹರಿವಿನಿಂದ ಇನ್ನೊಂದಕ್ಕೆ ಎಷ್ಟು ಶಕ್ತಿ ಹಾದುಹೋಯಿತು ಎಂಬುದಕ್ಕೂ ವ್ಯತ್ಯಾಸವಿದೆ. ಆಘಾತದ ಬಳಿ ಎಲೆಕ್ಟ್ರಾನುಗಳಿಗೆ ಹೆಚ್ಚಿನ ಶಕ್ತಿ ಕೊಡುವುದು ವಿಭವದ ವ್ಯತ್ಯಾಸ. ಆದರೆ ವಿಭವವೊಂದೇ ಇದ್ದರೆ ಲೋಬ್‌ನ ಎಲೆಕ್ಟ್ರಾನುಗಳು ವೇಗ ಪಡೆದ ತೆಳು ಹರಿವಾಗಿಯೇ ಒಳಗೆ ಉಳಿಯಬೇಕಿತ್ತು. ಅದು ದಿಕ್ಕಿರುವ ಚಲನೆ, ಅದಕ್ಕೆ ಶಾಖವೆನ್ನಲಾಗದು. ಆದರೆ ಮರುಜೋಡಣೆಯ ಹೊರಹರಿವುಗಳಲ್ಲಿ ನೌಕೆಗಳು ಮತ್ತೆ ಮತ್ತೆ ಕಂಡದ್ದು ತಲೆ ಚಪ್ಪಟೆಯಾದ ವೇಗವಿತರಣೆ, ಅಂದರೆ ಹರಿವಿನ ಮೊನೆ ಸವೆದು ಒಂದು ವೇಗದವರೆಗೆ ಎಲ್ಲ ವೇಗಗಳಿಗೂ ಹೆಚ್ಚುಕಡಿಮೆ ಸಮಪಾಲು. ಮೊನೆ ಸವೆಸಿದ್ದು ಯಾವುದು? ಡಿಕ್ಕಿಗಳಿಲ್ಲ ಎಂದು ಎದುರಾಳಿಗಳೇ ಮೊದಲ ಆಕ್ಷೇಪದಲ್ಲಿ ಹೇಳಿದ್ದಾರೆ. ಉಳಿಯುವುದು ಅಲೆ. ಅಲೆ ಅಲ್ಪವಾಗಿ ಕಾಣುವುದಕ್ಕೂ ಕಾರಣ ಇಲ್ಲೇ ಇದೆ. ಹರಿವಿನಿಂದ ಶಕ್ತಿ ಪಡೆದು, ಎಲೆಕ್ಟ್ರಾನುಗಳನ್ನು ಚದುರಿಸಿ, ಆ ಶಕ್ತಿಯನ್ನು ಅವಕ್ಕೇ ಮರಳಿಸಿ ಅಲೆ ಕುಗ್ಗುತ್ತದೆ. ನೌಕೆ ಅಳೆಯುವುದು ಕೆಲಸ ಮುಗಿದ ಮೇಲೆ ಉಳಿದ ಅಂಶವನ್ನು.

ಈ ವಾದವನ್ನು ಮುರಿಯಲು ಒಂದು ದಾರಿಯಿದೆ, ಅದನ್ನೂ ಹೇಳುತ್ತೇನೆ. ಸಂರಕ್ಷಣೆಯ ಮೂರು ಲೆಕ್ಕಗಳಲ್ಲೂ ತೇರ್ಗಡೆಯಾದ ಮಂದ ಆಘಾತವೊಂದನ್ನು ಮಿಲಿಸೆಕೆಂಡುಗಳ ಮಟ್ಟದ ಎಲೆಕ್ಟ್ರಾನ್ ಮಾಪನಗಳೊಂದಿಗೆ ತೋರಿಸಲಿ. ಅಲ್ಲಿ ಎದುರು ಹರಿವುಗಳು ಚಪ್ಪಟೆ ತಲೆಯಾಗಿ ಮಾರ್ಪಟ್ಟಿರಬೇಕು, ಅದೇ ಕಾಂತರೇಖೆಯ ಮೇಲೆ, ಅದೇ ಹೊತ್ತಿನಲ್ಲಿ, ಮಿಡಿತಗಳಾಗಲಿ ಬೇರೆ ಯಾವುದೇ ಅಲೆಗಳಾಗಲಿ ಇರಬಾರದು. ಅಂಥದೊಂದು ದಾಟುವಿಕೆ ಸಿಕ್ಕರೆ ಅಲೆಗಳ ಪಾತ್ರದ ಬಗ್ಗೆ ಇಲ್ಲಿ ಹೇಳಿದ್ದನ್ನು ಹಿಂತೆಗೆದುಕೊಳ್ಳಲು ನಾನು ಸಿದ್ಧ.